ಬೇರೆಯವರ ಹಬ್ಬಕ್ಕೆ ಹೋಗಿದ್ದೀರಾ?

"ಕಳೆದ ಒಂದು ವರ್ಷದಲ್ಲಿ ತಾವು ಬೇರೆ ಸಂಸ್ಕೃತಿಯವರ ಹಬ್ಬ ಅಥವಾ ಆಚರಣೆಯಲ್ಲಿ ಭಾಗವಹಿಸಿದ್ದೀರಾ?"

ಎಷ್ಟು ಸಭ್ಯವಾದ ಪ್ರಶ್ನೆ ನೋಡಿ. ತಲೆ ಬಾಚಿ, ಪೌಡರ್ ಹಚ್ಚಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತ ಹಾಗಿದೆ. ಇದನ್ನು ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಕೂತು ಓದಿದ್ದೇನೆ. ಒಂದು ಊರಿನಲ್ಲಿ ಮಾತ್ರ ಎರಡು ಸಲ ಓದಬೇಕಾಯಿತು. ಎರಡನೆಯ ಸಲಕ್ಕೆ ಆ ಊರಿನ ಹಬ್ಬವೇ ನಿಂತುಹೋಗುವ ಹಂತಕ್ಕೆ ಬಂತು.

ಕೆಲಸವೇನೆಂದರೆ, ಬೇರೆ ಬೇರೆ ಸಂಸ್ಕೃತಿಯ ಜನರ ಒಡನಾಟಕ್ಕೆ ಯಾವ ದೇಶ ಎಷ್ಟು ಇಂಬು ಕೊಡುತ್ತದೆ ಎಂದು ಅಳೆದು, ಅಂಕ ಹಾಕಿ, ದೇಶಗಳನ್ನು ಶಾಲೆಯ ಮಕ್ಕಳಂತೆ ಸಾಲಾಗಿ ನಿಲ್ಲಿಸುವುದು. ಕಾನೂನು, ಪಠ್ಯಪುಸ್ತಕ, ಸರ್ಕಾರದ ಯೋಜನೆ ಇವನ್ನೆಲ್ಲ ಅಳೆಯುವುದಕ್ಕೆ ದೊಡ್ಡ ದೊಡ್ಡವರು ಇದ್ದರು. ಜನ ನಿಜವಾಗಿ ಹೇಗೆ ಬದುಕುತ್ತಾರೆ ಎಂಬುದನ್ನು ಮಾತ್ರ ಯಾರಾದರೂ ಮನೆ ಮನೆಗೆ ಹೋಗಿ ಕೇಳಬೇಕು. ಚೀಟಿ ಎತ್ತಿದಾಗ ನಮ್ಮ ಕಡೆಯ ನಾಲ್ಕು ತಾಲೂಕು ಬಂದವಂತೆ. ಇಂಗ್ಲಿಷ್ ಕೈಪಿಡಿ ಓದಬಲ್ಲ, ಇಲ್ಲಿಯ ಮಾತು ಬಲ್ಲ ಹೆಂಗಸರು ಬೇಕಾಗಿದ್ದರು. ಕಾನ್ವೆಂಟಿನ ಸಿಸ್ಟರುಗಳು ಅಷ್ಟು ಕಷ್ಟಪಟ್ಟು ಕಲಿಸಿದ ನನ್ನ ಇಂಗ್ಲಿಷು, ಮದುವೆಯಾಗಿ ಸಿಂದಗಿಗೆ ಬಂದ ಮೇಲೆ, ಔಷಧದ ಡಬ್ಬಿ ಮತ್ತು ಮಿಕ್ಸರಿನ ಪುಸ್ತಕ ಓದುವುದಕ್ಕಷ್ಟೇ ಉಳಿದಿತ್ತು. ಅರ್ಜಿ ಹಾಕಿದೆ. ಕರೆದರು.

ವಿಜಯಪುರದಲ್ಲಿ ತರಬೇತಿ ಕೊಟ್ಟವಳು ಮೈಸೂರಿನ ಕಡೆಯ ಹುಡುಗಿ, ನಮ್ಮ ಮೇಲ್ವಿಚಾರಕಿ. ವಯಸ್ಸಿನಲ್ಲಿ ಚಿಕ್ಕವಳು, ಶಿಸ್ತಿನಲ್ಲಿ ನಮ್ಮ ಸಿಸ್ಟರಿಗಿಂತ ದೊಡ್ಡವಳು. ಅವಳು ಹೇಳಿಕೊಟ್ಟ ನಿಯಮಗಳು: ಪ್ರಶ್ನೆಯನ್ನು ಟ್ಯಾಬಿನಲ್ಲಿ ಇದ್ದ ಹಾಗೇ ಓದಬೇಕು. ಉತ್ತರ ಸೂಚಿಸಬಾರದು. ಅಯ್ಯೋ, ಹೌದಾ, ಛೆ ಎನ್ನಬಾರದು. ಮುಖದಲ್ಲಿ ಏನೂ ಕಾಣಿಸಬಾರದು. ಮತ್ತು ಉತ್ತರ ಹೇಳುವವರ ಮನೆಯಲ್ಲಿ ಏನನ್ನೂ ತಿನ್ನಬಾರದು, ಉಪ್ಪು ತಿಂದರೆ ಅಳತೆ ಕೆಡುತ್ತದೆ. ನೀರು ಕುಡಿಯಬಹುದು.

ಈ ಕೊನೆಯ ನಿಯಮ ಕೇಳಿ ಹಿಂದಿನ ಸಾಲಿನಲ್ಲಿದ್ದ ನಾವು ನಾಲ್ಕೈದು ಜನ ಮುಖ ಮುಖ ನೋಡಿಕೊಂಡೆವು. ನಮ್ಮ ಜಿಲ್ಲೆಯಲ್ಲಿ ಬರೀ ನೀರು ಕೊಟ್ಟು ಕಳಿಸಿದರೆ ಆ ಮನೆಯವರನ್ನು ಬೈದ ಹಾಗೆ. ಅದನ್ನು ಅವಳಿಗೆ ಹೇಗೆ ತಿಳಿಸುವುದು? ಮುಖದಲ್ಲಿ ಏನೂ ಕಾಣಿಸದಂತೆ ಕೂತೆವು. ಒಳ್ಳೆಯ ಅಭ್ಯಾಸವಾಯಿತು.

ಮನೆಗೆ ಬಂದು ಅತ್ತೆಯ ಮೇಲೆ ತಾಲೀಮು ಮಾಡಿದೆ. ಅವರು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ನಾನು ಎದುರಿಗೆ ನೆಟ್ಟಗೆ ಕೂತು ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು ಕೇಳಿದೆ. "ಬೇರೆ ಸಂಸ್ಕೃತಿಯವರು ನಿಮ್ಮ ನೆರೆಮನೆಗೆ ಬಂದರೆ ಒಪ್ಪುವಿರಾ?"

"ಬಾಜೂ ಮನ್ಯಾಗ ಅದಾರಲ್ಲ ಈಗ, ಅವರು ಬಿಟ್ಟು ಹೊಂಟಾರೇನು?" ಅತ್ತೆಯ ಮುಖ ಅರಳಿತು.

"ಇಲ್ಲ ಅತ್ತಿ, ಸುಮ್ನ ಕೇಳೋದು."

"ಸುಮ್ನ ಯಾಕ ಆಸಿ ತೋರಸ್ತೀ? ಯಾರರ ಬರ್ಲಿ. ನಲ್ಲಿ ನೀರು ಬಿಟ್ಟಾಗ ನಮ್ಮ ಪಾಳಿ ಬಿಟ್ಟುಕೊಟ್ರ ಸಾಕು."

"ನಿಮಗೆ ಬೇರೆ ಸಂಸ್ಕೃತಿಯವರ ಪರಿಚಯ ಇದೆಯೇ?"

"ಇಲ್ದ ಏನು? ನಿಮ್ಮ ತವರಮನ್ಯಾವರು. ಹೋಳಿಗಿಗೆ ತುಪ್ಪಾ ಬಿಟ್ಟು ಹಾಲು ಹಾಕ್ಕೊಂಡು ತಿಂತಾರ."

ನಾನು ಮುಖದಲ್ಲಿ ಏನೂ ಕಾಣಿಸದಂತೆ "ಹೌದು" ಒತ್ತಿದೆ.

ಮೊದಲ ವಾರ ಸಿಂದಗಿಯಲ್ಲೇ ಕಳೆಯಿತು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಬಸ್ ಹಿಡಿಯುವುದು, ಮನಗೂಳಿ ಕಡೆ ಒಂದು ದಿನ, ಇಂಡಿ ಕಡೆ ಒಂದು ದಿನ. ಕೆಲಸ ನಾನು ಅಂದುಕೊಂಡಷ್ಟು ಕಠಿಣವಾಗಿರಲಿಲ್ಲ. ಜನ ಉತ್ತರಕ್ಕಿಂತ ಹೆಚ್ಚು ಪ್ರಶ್ನೆ ಹಾಕುತ್ತಿದ್ದರು. ಮನಗೂಳಿಯ ಒಬ್ಬ ಕಿರಾಣಿ ಅಂಗಡಿಯವರು ನನ್ನ ತವರು, ಗಂಡನ ವ್ಯಾಪಾರ, ಮಗಳ ಓದು ಎಲ್ಲ ಕೇಳಿ ಮುಗಿಸಿ, "ಇನ್ನ ನೀವು ಕೇಳ್ರಿ, ಗಿರಾಕಿ ಬರೂದ್ರೊಳಗ ಮುಗಸ್ರಿ" ಎಂದರು. ತಿನ್ನುವ ನಿಯಮಕ್ಕೂ ಒಂದು ದಾರಿ ಹುಡುಕಿಕೊಂಡೆ. ನಾನು ತಿನ್ನುತ್ತಿರಲಿಲ್ಲ, ಒಯ್ಯುತ್ತಿದ್ದೆ. ಸಂಜೆ ಮನೆಗೆ ಬಂದರೆ ಚೀಲದಲ್ಲಿ ಟ್ಯಾಬಿನ ಸುತ್ತ ಶೇಂಗಾ, ಬೆಲ್ಲ, ಹಸಿ ಸೌತೆಕಾಯಿ, ಒಮ್ಮೆ ಬಟ್ಟೆಯಲ್ಲಿ ಕಟ್ಟಿದ ಬಿಸಿ ರೊಟ್ಟಿ. ನಮ್ಮ ಮನೆಯವರು, "ಇದು ಸಮೀಕ್ಷೆ ಅಲ್ಲ, ಸಂತಿ" ಎಂದರು.

ಇಂಡಿ ತಾಲೂಕಿನ ಒಂದು ಊರಿನಲ್ಲಿ ಎಲ್ಲ ಉತ್ತರವೂ "ಹೌದು" ಬಂತು. ಬೇರೆಯವರ ಜೊತೆ ಊಟ ಮಾಡುತ್ತೀರಾ? ಹೌದ್ರಿ. ಮನೆಗೆ ಕರೆಯುತ್ತೀರಾ? ಹೌದ್ರಿ, ಯಾಕ ಕರಿಯಂಗಿಲ್ಲ? ಟ್ಯಾಬಿನಲ್ಲಿ ಹಸಿರು ಗೆರೆ ಏರಿ ಏರಿ ಮೇಲೆ ತಾಗಿತು. ನನಗೋ ಖುಷಿ. ಕೊನೆಯ ಮನೆ ಒಬ್ಬ ಶಿಕ್ಷಕಿಯದು. ಬೌದ್ಧ ಮನೆತನ, ಹೊಸದಾಗಿ ಕಟ್ಟಿದ ಮನೆ, ಬಾಗಿಲ ಮೇಲೆ ಬುದ್ಧನ ಚಿಕ್ಕ ಮೂರ್ತಿ, ಗೋಡೆಗೆ ಇನ್ನೂ ಬಣ್ಣದ ವಾಸನೆ. ಬೇರೆಯವರ ಜೊತೆ ಊಟ ಮಾಡುವ ಅದೇ ಪ್ರಶ್ನೆ ಓದಿದೆ.

"ಊರಾಗ ಉಳಿದವರೆಲ್ಲಾ ಏನಂದ್ರು?" ಎಂದು ಕೇಳಿದರು.

"ಅದನ್ನ ಹೇಳೋ ಹಾಗಿಲ್ಲ ಮೇಡಂ."

"ಹೇಳಬ್ಯಾಡ್ರಿ. ಹೌದು ಅಂದಿರ್ತಾರ. ಸುಳ್ಳು ಅಂತೂ ಅಲ್ಲ. ಈ ಮನಿ ಗೃಹಪ್ರವೇಶಕ್ಕ ಎಲ್ಲಾರೂ ಬಂದಿದ್ರು. ಗೋಡಿ ಗಡಿಯಾರ ಎಷ್ಟು ಬಂದಾವಂದ್ರ, ಯಾವ ಖೋಲ್ಯಾಗ ನೋಡಿದ್ರೂ ಟಿಕ್ ಟಿಕ್. ನಮ್ಮ ಮನ್ಯಾವರು ಪಂಗ್ತಿಗೆ ಎಲಿ ಹಾಕಿದ್ರು ನೋಡ್ರಿ, ಊರಿಗೂರೇ ಅವತ್ತು ಉಪಾಸ!" ಅವರು ನಕ್ಕರು. "ಒಬ್ಬರದು ಸೋಮವಾರ, ಒಬ್ಬರದು ಸಂಕಷ್ಟಿ, ಒಬ್ಬರಿಗೆ ಹೊಟ್ಟಿ ಕೆಟ್ಟಿತ್ತು. ಅಂದು ಗುರುವಾರ ಇತ್ತು."

ನಾನೂ ನಕ್ಕೆ, ಆಮೇಲೆ ನಗಬಾರದಿತ್ತು ಎನ್ನಿಸಿತು, ನಿಯಮದ ಕಾರಣಕ್ಕಲ್ಲ. ಅವರು ತಮ್ಮ ಉತ್ತರವನ್ನು ಎಣಿಸಿ ಹೇಳಿದರು. ಚಹಾ ಅಂಗಡಿಯಲ್ಲಿ ಹೌದು, ಶಾಲೆಯಲ್ಲಿ ಹೌದು, ಮನೆಯಲ್ಲಿ ಇಲ್ಲ. ಟ್ಯಾಬಿನಲ್ಲಿ ಮೂರಕ್ಕೂ ಸೇರಿ ಒಂದೇ ಉತ್ತರಕ್ಕೆ ಜಾಗ. ಬಸ್ಸಿನಲ್ಲಿ ವಾಪಸು ಬರುವಾಗ ಆ ಹಸಿರು ಗೆರೆ ನೋಡಿದರೆ ಮೊದಲಿನ ಖುಷಿ ಇರಲಿಲ್ಲ.

ಮುದ್ದೇಬಿಹಾಳ ತಾಲೂಕಿನಲ್ಲಿ ನನ್ನ ಪಾಲಿಗೆ ಮೊದಲು ಬಂದದ್ದು ತಂಗಡಗಿಯ ಕಡೆಗೆ ಹೋಗುವ ರಸ್ತೆಯಿಂದ ಒಳಗಿರುವ ಒಂದು ಹಳ್ಳಿ. ಇಲ್ಲಿ ಉಲ್ಟಾ. ಮೊದಲ ಮನೆಯಿಂದಲೇ "ಇಲ್ಲ". ಬೇರೆಯವರ ಹಬ್ಬಕ್ಕೆ ಹೋಗಿದ್ದೀರಾ? ಇಲ್ಲ. ಬೇರೆಯವರನ್ನು ನಿಮ್ಮ ಹಬ್ಬಕ್ಕೆ ಕರೆದಿದ್ದೀರಾ? ಇಲ್ಲ.

ಒಂದು ಮನೆಯ ಗೋಡೆಗೆ ಚೊಂಗೆ ಲಟ್ಟಿಸುವ ಮರದ ಮಣೆ ತೂಗುಹಾಕಿತ್ತು. ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಮ್ಮಿಗೆ, ಮಾಡುವ ಸಿಹಿ ರೊಟ್ಟಿ ಅದು. ಮಣೆಯ ಕೆತ್ತನೆ ರೊಟ್ಟಿಯ ಮೇಲೆ ಹೂವಾಗಿ ಮೂಡುತ್ತದೆ. ಮಣೆಯ ಪಕ್ಕದಲ್ಲೇ ಎಲ್ಲಮ್ಮನ ಪಟ. ಮನೆಯಾಕೆ, ಗಟ್ಟಿ ದನಿಯ ಅಕ್ಕ, ಹಣೆಯ ತುಂಬ ಕುಂಕುಮ. ಗಂಡ ಈ ಸಲದ ಅಲಾಯಿಗೆ ಹರಕೆ ಹೊತ್ತು ಫಕೀರ ಆಗುವವನಿದ್ದಾನೆ ಎಂದೂ, ಅವನ ಹಸಿರು ಅಂಗಿ ಹೊಲಿಯಲು ಕೊಟ್ಟದ್ದು ಇನ್ನೂ ಬಂದಿಲ್ಲ ಎಂದೂ ದರ್ಜಿಯನ್ನು ಬೈಯುತ್ತಲೇ ನನ್ನ ಪ್ರಶ್ನೆಗೆ "ಇಲ್ರೀ ಅಕ್ಕಾರ, ನಾವು ಬ್ಯಾರೇದವರ ಹಬ್ಬಕ್ಕ ಹೋಗಂಗಿಲ್ಲ" ಎಂದಳು.

ನನ್ನ ಬೆರಳು ಟ್ಯಾಬಿನ ಮೇಲೆ ನಿಂತಿತು. ಉತ್ತರ ಸೂಚಿಸಬಾರದು. ಒತ್ತಿದೆ.

ಮುಂದಿನ ಮನೆ ಊರಿನ ಹಿರಿಯನದು. ಕುರಿ ಸಾಕಿದ ಮನೆ. ಎಲ್ಲರೂ ಮುತ್ಯಾ ಎನ್ನುತ್ತಿದ್ದರು, ನಾನೂ ಅಂದೆ. ಅಂಗಳದಲ್ಲಿ ಕಂಬಳಿ ಹಾಸಿ ಕೂಡ್ರಿಸಿದ. ಪಕ್ಕದಲ್ಲಿ ಇನ್ನೊಬ್ಬರು ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಬಿಳಿ ಟೊಪ್ಪಿಗೆ, ಊರಿನ ಮುಲ್ಲಾ.

"ಬ್ಯಾರೇದವರ ಹಬ್ಬಕ್ಕ ಯಾಕ ಹೋಗೂಣವಾ?" ಎಂದ ಮುತ್ಯಾ. "ನಮ್ಮ ಹಬ್ಬನ ನಮಗ ಮುಗಿಯಂಗಿಲ್ಲ. ಕಾರಹುಣ್ಣಿಮಿ, ಪಂಚಮಿ, ಅಲಾಯಿ, ದಸರಾ, ದೀಪಾವಳಿ, ಎಳ್ಳ ಅಮಾಸಿ... ಹೊಟ್ಟಿ ಎಷ್ಟಂತ ತಡಕೋತೈತಿ?"

ಮುಲ್ಲಾ ಕಾಕಾನನ್ನೂ ಕೇಳಿದೆ. ಅವರೂ ತಲೆ ಅಲ್ಲಾಡಿಸಿದರು. "ಇಲ್ರಿ."

"ಎಳ್ಳ ಅಮಾವಾಸ್ಯೆಗೆ...?" ಎಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿದೆ. ಹೊಲಕ್ಕೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ ಎಲ್ಲರೂ ಅಲ್ಲೇ ಉಣ್ಣುವ ದಿನ ಅದು. ಕೇಳುವ ಅಗತ್ಯವೂ ಇರಲಿಲ್ಲ. ಮುತ್ಯಾನೇ ಹೇಳಿದ: "ಚರಗಾ ಚೆಲ್ಲೂ ದಿನ ನನ್ನ ಹೊಲದಾಗ ಭಜ್ಜಿ ಎಲ್ಲಾ ಈ ಮುಲ್ಲಾನ ಖಾಲಿ ಮಾಡ್ತಾನ."

"ನಿಮ್ಮ ಮನ್ಯಾಗ ಮಾಡಿದ್ದು ಸಾಲಂಗಿಲ್ಲ ಅಂತ ನಮ್ಮ ಮನಿಯಿಂದ ಬುತ್ತಿ ಒಯ್ತೇನಿ, ಅದನ್ನ ಹೇಳಂಗಿಲ್ಲ ನೋಡ್ರಿ ಈ ಅಣ್ಣಾ."

ಇಬ್ಬರಿಗೂ "ಇಲ್ಲ" ಒತ್ತಿ, ಥ್ಯಾಂಕ್ಯೂ ಹೇಳಿ, ನೀರು ಕುಡಿದು ಬಂದೆ. ಮರುದಿನ ಬಾಜೂ ಊರಿನಲ್ಲಿ ಎಲ್ಲದಕ್ಕೂ "ಹೌದು" ಬಂತು.

ಎರಡು ದಿನ ಬಿಟ್ಟು ಮೇಲ್ವಿಚಾರಕಿಯ ಫೋನು. ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೆ.

"ಮೇಡಂ, ಆ ಮುದ್ದೇಬಿಹಾಳದ ಹಳ್ಳಿ ಡೇಟಾ ಕೆಂಪಾಗಿದೆ. ಇಡೀ ಪಟ್ಟಿಯಲ್ಲೇ ಕಡೇ ಸ್ಥಾನ. ಒಬ್ಬರೂ ಇನ್ನೊಬ್ಬರ ಹಬ್ಬಕ್ಕೆ ಹೋಗಲ್ಲ ಅಂದ್ರೆ ಹೇಗೆ? ಅಪಾರ್ಟ್‌ಮೆಂಟಿನವರೇ ಎಷ್ಟೋ ವಾಸಿ. ಕ್ರಿಸ್ಮಸ್ಸಿಗೆ ಕೇಕ್ ತರಿಸ್ಕೋತಾರೆ, ರಂಜಾನಿಗೆ ಹಲೀಂ ತರಿಸ್ಕೋತಾರೆ, ಫುಲ್ ಮಾರ್ಕ್ಸ್."

ಸಾಸಿವೆ ಸಿಡಿಯುತ್ತಿತ್ತು. ಗ್ಯಾಸ್ ಆರಿಸಿ, ಅಲಾಯಿ ಹಬ್ಬದ ವಿಷಯ ಬಿಡಿಸಿ ಹೇಳಿದೆ.

"ಅಷ್ಟೇ ತಾನೇ? ಅವರಿಗೆ ಪ್ರಶ್ನೆ ಅರ್ಥ ಆಗಿಲ್ಲ. ಮೊಹರಂ ಮುಸ್ಲಿಮರ ಹಬ್ಬ, ದಸರಾ ಹಿಂದೂಗಳ ಹಬ್ಬ ಅಂತ ವಿವರಿಸಿ, ಮತ್ತೆ ಕೇಳಿ. ವಿವರಣೆಯ ಪಾಠ ಕಳಿಸ್ತೀನಿ, ಹಾಗೇ ಓದಿ. ಹೊಸ ಉತ್ತರ ಬಂದಿಲ್ಲ ಅಂದ್ರೆ ನೀವು ಸರಿಯಾಗಿ ಕೇಳಿಲ್ಲ ಅಂತ ಲೆಕ್ಕ. ಮುದ್ದೇಬಿಹಾಳ ಬೇರೆಯವರಿಗೆ ಕೊಡಬೇಕಾಗತ್ತೆ. ಬೇಜಾರಾಗ್ಬೇಡಿ."

ಬೇಜಾರಾಯಿತು. ಮನೆಯ ಹೊರಗೆ ನನ್ನದು ಅಂತ ಸಿಕ್ಕ ಮೊದಲ ಕೆಲಸ ಅದು. ಕೆಂಪು ಬರಹ ಹಾಕಿಸಿಕೊಂಡು ಕೈಬಿಡುವುದು ಬೇಡವಾಗಿತ್ತು. ಮರುದಿನ ಮತ್ತೆ ಬಸ್ ಹತ್ತಿದೆ.

ಊರಿಗೆ ಹೋದರೆ ಸಡಗರ. ಹಿಂದಿನ ಸಂಜೆ ಚಂದ್ರ ಕಂಡಿದ್ದ. ಇಂದು ಸಂಜೆ ಮಸೀದಿಯ ಮುಂದೆ ಅಲಾಯಿ ಕುಣಿಗೆ, ಅಂದರೆ ಹಬ್ಬದ ಬೆಂಕಿಯ ಗುಂಡಿಗೆ, ಗುದ್ದಲಿ ಬೀಳಬೇಕು. ಆ ಊರಿನ ಪದ್ಧತಿಯಲ್ಲಿ ಮೊದಲ ಗುದ್ದಲಿಯನ್ನು ಮುತ್ಯಾನ ಮನೆತನದವರೂ ಮುಲ್ಲಾನ ಮನೆತನದವರೂ ಒಟ್ಟಿಗೆ ಹಿಡಿದು ಹಾಕಬೇಕು. ಅದು ಬಿದ್ದರೆ ಮಾತ್ರ ಚಂದ್ರ ಕಂಡ ಹತ್ತನೆಯ ದಿನಕ್ಕೆ ಹಬ್ಬ. ಅಂದು ಹೊತ್ತು ಮುಳುಗುವುದರೊಳಗೆ ಬೀಳದಿದ್ದರೆ ಆ ವರ್ಷ ಪಂಜಾ ರೂಪದ ಅಲಾಯಿ ದೇವರು ಏಳುವುದಿಲ್ಲ, ಕುಣಿಗೆ ಬೆಂಕಿ ಇಲ್ಲ, ಹೆಜ್ಜೆಮೇಳದ ಕುಣಿತ ಇಲ್ಲ. ಇದನ್ನೆಲ್ಲ ಚೊಂಗೆ ಮಣೆಯ ಅಕ್ಕ ಉತ್ಸಾಹದಿಂದ ಹೇಳಿದಳು. ನಾನು ಒಳ್ಳೆಯ ದಿನವೇ ಬಂದೆ ಎಂದುಕೊಂಡೆ, ದಡ್ಡಿ.

ಮುತ್ಯಾ ಗುದ್ದಲಿಗೆ ಹೊಸ ಕಾವು ಕೂಡಿಸುತ್ತಿದ್ದ. ನಾನು ಕೂತು, ಮೇಲಿನಿಂದ ಬಂದ ವಿವರಣೆಯನ್ನು ಸ್ಪಷ್ಟವಾಗಿ, ಸಿಸ್ಟರ್ ಮೆಚ್ಚುವ ಹಾಗೆ ಓದಿದೆ. ಮುತ್ಯಾನ ಕೈ ನಿಧಾನವಾಯಿತು.

"ಅಂದ್ರ ಅಲಾಯಿ ನಮ್ಮದಲ್ಲೇನು?"

"ಹಾಗಲ್ಲ ಮುತ್ಯಾ. ಮೂಲದಾಗ..."

"ಮೂಲಾ ಗೀಲಾ ಬ್ಯಾಡ. ನಮ್ಮದು ಹೌದೋ, ಅಲ್ಲೋ?"

ಟ್ಯಾಬ್ ನೋಡಿದೆ. ಅಲ್ಲಿ ಎರಡೇ ಚೌಕ.

"ಈ ಪ್ರಶ್ನೆಯ ಮಟ್ಟಿಗೆ... ಅಲ್ಲ."

ಅವನು ಗುದ್ದಲಿಯನ್ನು ಗೋಡೆಗೆ ಒರಗಿಸಿದ. ಹಾಗೆ ಒರಗಿಸುವಾಗ ಅದು ಜಾರದಂತೆ ಬುಡಕ್ಕೆ ಒಂದು ಕಲ್ಲು ಕೊಟ್ಟ. ಆ ಕಲ್ಲು ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ. "ನಮ್ಮಪ್ಪ ದೇವ್ರ ಹೊತ್ತಾನ. ನಾ ಮೀಸಿ ಬಂದಾಗಿಂದ ಹೊತ್ತೇನಿ. ಇಷ್ಟ ದಿನಾ ಮಂದಿ ಮನಿ ಹಬ್ಬಕ್ಕ ಕರೀದ ಹೋಗಿ ಕುಣದಂಗಾತು. ಛೇ, ಎಂಥಾ ನಾಚಿಗ್ಗೇಡಿ ಕೆಲಸ."

"ಮುತ್ಯಾ, ದಯವಿಟ್ಟು..."

"ನೀವು ಚಲೋ ಹೇಳಿದ್ರೆವಾ. ಇನ್ನ ಮುಂದ ಆ ಮುಲ್ಲಾ ಕರದ್ರ ಹೋಗ್ತೇನಿ. ಬೀಗರನ್ನ ಕರದಂಗ ಮನೀಗೆ ಬಂದು ಕರೀಬೇಕು."

ಸುದ್ದಿ ಹಬ್ಬಲು ನಮ್ಮ ಹಳ್ಳಿಗಳಲ್ಲಿ ಮೊಬೈಲ್ ಬೇಕಿಲ್ಲ. ನಾನು ಓಡುತ್ತ ಮುಲ್ಲಾ ಕಾಕಾನ ಮನೆ ಮುಟ್ಟುವುದರೊಳಗೆ ಅವರಿಗೆ ಗೊತ್ತಾಗಿತ್ತು. ಅವರು ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ಒಂದು ಮಾತು ಕರೆದುಬಿಡ್ರಿ ಕಾಕಾ" ಎಂದು ಕೈ ಮುಗಿದೆ. "ಎಲ್ಲಾ ಸರಿ ಹೋಗ್ತದ."

"ಹೆಂಗ ಕರೀಲ್ರೀ ಬಾಯಾರ? ನಿಮ್ಮ ಮನ್ಯಾಗ ಹಬ್ಬಂದ್ರ ನಿಮ್ಮ ಗಂಡಗ ಬರ್ರಿ ಅಂತ ಕರೀತೀರೇನು? ಮನಿ ಮಂದೀನ ಯಾರರ ಕರೀತಾರೇನು? ಇವತ್ತ ಕರದೆ ಅಂದ್ರ ಅಂವ ಹೊರಗಿನವ ಅಂತ ನಾನ ಒಪ್ಪಿಕೊಂಡಂಗ. ಇಲ್ಲ. ಅಂವ ಬರದಿದ್ರ ಬಿಡ್ಲಿ. ಕರಿಯೂ ಹಲ್ಕಾ ಕೆಲಸ ನಾ ಮಾಡಂಗಿಲ್ಲ."

ಇಬ್ಬರ ಮಾತೂ ಸರಿಯಾಗಿತ್ತು. ಕರೆಯದ ಮನೆಗೆ ಹೋಗಬಾರದು, ಮನೆಯವರನ್ನು ಕರೆಯಬಾರದು. ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಎರಡು ರಿವಾಜು. ಇಷ್ಟು ವರ್ಷ ಅವು ಒಂದಕ್ಕೊಂದು ತಾಗದೆ ಬದುಕಿದ್ದವು. ನಾನು ಟ್ಯಾಬ್ ಹಿಡಿದುಕೊಂಡು ಬಂದು ಎರಡನ್ನೂ ಎದುರುಬದುರು ನಿಲ್ಲಿಸಿದ್ದೆ.

ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಹಬ್ಬಗಳನ್ನು ಪಾಲು ಮಾಡಿಕೊಳ್ಳುತ್ತಿತ್ತು. ಪಂಚಮಿಯ ಜೋಕಾಲಿ ಯಾರದು, ಅದನ್ನು ಕಟ್ಟುವ ಮರ ಇರುವುದು ಮುಲ್ಲಾನ ಹಿತ್ತಲಲ್ಲಿ ಅಲ್ಲವೇ? ದಸರಾಕ್ಕೆ ಬನ್ನಿ ಕೊಡುವಾಗ ಮುಲ್ಲಾಗೆ ಮೊದಲು ಕೊಡುವುದು ಯಾವ ಲೆಕ್ಕ? ಚೊಂಗೆ ಮಣೆಯ ಅಕ್ಕ ಗೋಡೆಯಿಂದ ಮಣೆ ತೆಗೆದು, "ಇದು ನಿಮ್ಮದಂತವಾ, ಇಟ್ಕೋ" ಎಂದು ಪಕ್ಕದ ಮುಸ್ಲಿಂ ಮನೆಯ ಗೆಳತಿಗೆ ಕೊಟ್ಟು ಬಂದಳು. ಗೆಳತಿ ಹಿಂದೆಯೇ ಬಂದು, "ಹಂಗಾದ್ರ ನೀ ಉಡಿ ತುಂಬಿ ಕೊಟ್ಟ ಸೀರೀನೂ ತಗೋ" ಎಂದು ಸೀರೆ ಇಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಅಕ್ಕ ಸೀರೆ ಒಯ್ದು ಕೊಟ್ಟಳು, ಗೆಳತಿ ಮಣೆ ತಂದಿಟ್ಟಳು. ಇಬ್ಬರೂ ಅಳುತ್ತಿದ್ದರು, ಇಬ್ಬರೂ ನನ್ನನ್ನು ನೋಡುತ್ತಿದ್ದರು. ಅಷ್ಟರಲ್ಲಿ ಅಕ್ಕನ ಗಂಡ ಹೊಲಿದು ಬಂದ ಹಸಿರು ಅಂಗಿ ತೊಟ್ಟುಕೊಂಡು ಬಾಗಿಲಿಗೆ ಬಂದು, "ನಾ ಈಗ ಫಕೀರ ಆಗ್ಬೇಕೋ ಬ್ಯಾಡೋ, ಒಂದು ಹೇಳಿಬಿಡ್ರಿ. ಅಂಗಿ ಬಿಗಿ ಆಗೈತಿ" ಎಂದ.

ನಗು ಬರುವ ಹೊತ್ತಲ್ಲ. ಬಸ್ ನಿಲ್ಲುವ ಕಟ್ಟೆಯ ಹತ್ತಿರ ಹೊರಗಿನಿಂದ ಬಂದ ಇಬ್ಬರು, ಬೈಕಿನ ಮೇಲೆ ಕೂತು, "ಏನೋ ಜಗಳಾ ನಡದೈತಂತಲ್ಲ, ಯಾರ್ಯಾರ ನಡುವ?" ಎಂದು ವಿಚಾರಿಸುತ್ತ ಮೊಬೈಲ್ ಹೊರಗೆ ತೆಗೆದಿದ್ದರು. ಇಷ್ಟು ಹೊತ್ತು ಇದು ಇಬ್ಬರು ಹಳೆಯ ಗೆಳೆಯರ ಮುನಿಸು. ಸಂಜೆ ಗುದ್ದಲಿ ಬೀಳದಿದ್ದರೆ ಇದಕ್ಕೆ ಬೇರೆ ಹೆಸರು ಬರುತ್ತದೆ, ಆ ಹೆಸರು ಈ ಊರಿನವರು ಇಟ್ಟದ್ದಾಗಿರುವುದಿಲ್ಲ.

ಮೇಲ್ವಿಚಾರಕಿಗೆ ಫೋನು ಮಾಡಿದೆ. "ವಿವರಣೆ ಓದುವುದನ್ನು ನಿಲ್ಲಿಸುತ್ತೇನೆ" ಎಂದೆ.

"ಎಷ್ಟು ಮನೆ ಆಯ್ತು ಮೇಡಂ?"

"ಒಂದು. ಅಷ್ಟೇ ಸಾಕಾಯಿತು."

"ಇನ್ನುಳಿದ ಮನೆಗಳಿಗೂ ಓದಲಿಲ್ಲ ಅಂದ್ರೆ ನಾನೇನೂ ಮಾಡೋಕಾಗಲ್ಲ. ಮುದ್ದೇಬಿಹಾಳ ನಿಮ್ಮ ಕೈ ತಪ್ಪುತ್ತೆ."

"ತಪ್ಪಲಿ" ಎಂದೆ. ನನಗೇ ಆಶ್ಚರ್ಯ, ಹಿಂದೆ ಸಾರಿ ಎಂದು ಸೇರಿಸಲೂ ಮರೆತಿದ್ದೆ. ಹೊಸ ಉತ್ತರಗಳ ಪುಟವನ್ನು ಅಳಿಸಿದೆ. ಹಳೆಯ "ಇಲ್ಲ"ಗಳು ಮತ್ತೆ ಬಂದು ಕೂತವು.

ಆದರೆ ಪುಟ ಅಳಿಸಿದರೆ ಮಾತು ಅಳಿಸುತ್ತದೆಯೇ?

ಹೊತ್ತು ಇಳಿಯುತ್ತಿತ್ತು. ಮಸೀದಿಯ ಮುಂದೆ ಜನ ಸೇರಿದರು. ಕುಣಿಯ ಜಾಗಕ್ಕೆ ಸೆಗಣಿ ಸಾರಿಸಿತ್ತು, ಸುತ್ತ ಸುಣ್ಣದ ಗೆರೆ. ಮುಲ್ಲಾ ಕಾಕಾ ಗುದ್ದಲಿ ಹಿಡಿದು ನಿಂತಿದ್ದರು. ಯಾರೋ ಮುತ್ಯಾನ ಮನೆಯಿಂದ ಅದನ್ನು ತಂದು ಕೊಟ್ಟಿದ್ದರು. ಮುತ್ಯಾ ಎದುರಿನ ಕಟ್ಟೆಯ ಮೇಲೆ ಕಂಬಳಿ ಮಡಚಿ ತೊಡೆಯ ಮೇಲಿಟ್ಟುಕೊಂಡು, ಮದುವೆಗೆ ಬಂದ ಗಂಡಿನ ಕಡೆಯವರಂತೆ ಬಿಗಿಯಾಗಿ ಕೂತಿದ್ದ. ಕರೆದರೆ ಏಳುವಷ್ಟು ಹತ್ತಿರ, ಕರೆಯದಿದ್ದರೆ ದಾರಿಹೋಕ ಎನ್ನಿಸುವಷ್ಟು ದೂರ. ಅಷ್ಟು ಅಳೆದು ಕೂತಿದ್ದ. ಕಾಕಾ ಅವನ ಕಡೆ ನೋಡುವುದಿಲ್ಲ, ಅವನು ಕಾಕಾನ ಕಡೆ ನೋಡುವುದಿಲ್ಲ. ಹಲಗೆ ಬಡಿಯುವವರು ಹಲಗೆ ಕಾಯಿಸಿಕೊಂಡು ನಿಂತವರು ಮತ್ತೆ ಕಾಯಿಸತೊಡಗಿದರು.

ನಾನು ಹೆಂಗಸರ ಗುಂಪಿನಲ್ಲಿ ನಿಂತಿದ್ದೆ. ಕೊನೆಯ ಬಸ್ಸಿನ ಹೊತ್ತು ಹತ್ತಿರವಾಗಿತ್ತು. ಅವರಿಬ್ಬರಿಗೂ ಹೇಳಬೇಕಾದ್ದನ್ನೆಲ್ಲ ಹೇಳಿ ಆಗಿತ್ತು, ಯಾವುದೂ ನಾಟಿರಲಿಲ್ಲ. ಆಗ ಹೊಳೆಯಿತು: ಇಲ್ಲಿ ನಿಜವಾಗಿ ಯಾರೂ ಕರೆಯದೆ ನಿಂತವಳು ನಾನೊಬ್ಬಳೇ.

ಸೆರಗು ಸರಿಮಾಡಿಕೊಂಡು ಸುಣ್ಣದ ಗೆರೆಯವರೆಗೆ ಹೋದೆ. ಕಾನ್ವೆಂಟಿನಲ್ಲಿ ಕವಿತೆ ಒಪ್ಪಿಸುವಾಗ ಕೈ ಕಟ್ಟುವ ಅಭ್ಯಾಸ. ಈಗಲೂ ಕೈ ಕಟ್ಟಿಕೊಂಡೇ ನಿಂತೆ.

"ನನಗ ಯಾರೂ ಕರದಿಲ್ರಿ. ಬಸ್ಸಿನ ಹೊತ್ತಾತು. ಬ್ಯಾರೇದವರ ಹಬ್ಬದಾಗ ಕರೀದ ನಿಂದ್ರೂದು ಸರಿ ಅಲ್ಲ. ಇರಲೋ, ಹೋಗಲೋ?"

ನಮ್ಮ ಕಡೆಯವರಿಗೆ ಹೀಗೆ ಕೇಳಿದರೆ ಏನಾಗುತ್ತದೆ ಎಂದು ಮೈಸೂರಿನ ಹುಡುಗಿಗೆ ಗೊತ್ತಿರಲಾರದು. ಮನೆಬಾಗಿಲಿಗೆ ಬಂದ ಹೆಣ್ಣುಮಗಳು ಹಬ್ಬದ ದಿನ ಹೋಗಲೇ ಎಂದರೆ! ಕಟ್ಟೆಯ ಮೇಲಿನ ಮುತ್ಯಾ ಮುಳ್ಳು ಚುಚ್ಚಿದವನಂತೆ ಎದ್ದ. ಕಂಬಳಿ ಕೆಳಗೆ ಬಿತ್ತು.

"ಅಯ್ಯ, ಎಂಥಾ ಮಾತಾಡ್ತೀರೆವಾ? ನಮ್ಮೂರಿಗೆ ಬಂದು, ನಮ್ಮ ಅಲಾಯಿ ಇಟ್ಕೊಂಡು, ಹಂಗ ಹೊಳ್ಳಿ ಹೋಗ್ತೀರೇನು? ಇರ್ರಿ, ನಮ್ಮ ಹಬ್ಬಾ ನೋಡ್ಕೊಂಡು ಹೋಗ್ರಿ!"

ಹಲಗೆಯವರು ಕೈ ನಿಲ್ಲಿಸಿದರು.

ಮುಲ್ಲಾ ಕಾಕಾ ಮೊದಲ ಸಲ ಆ ಕಡೆ ತಿರುಗಿದರು. "ಯಾರ ಹಬ್ಬಣ್ಣಾ?"

ಮುತ್ಯಾ ನಿಂತೇ ಇದ್ದ. ಮೀಸೆ ಸವರಿಕೊಂಡ. ಕಂಬಳಿ ಎತ್ತಿ ಧೂಳು ಝಾಡಿಸಿದ, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಝಾಡಿಸಿದ. ಆಮೇಲೆ ಸುಣ್ಣದ ಗೆರೆ ದಾಟಿ ಬಂದು ಗುದ್ದಲಿಯ ಕಾವಿಗೆ ಕೈ ಹಾಕಿದ.

"ಹಿಡಿಯೂದು ನೋಡು, ಹೆಂಗಸ್ರು ಸಾರಣಿಗಿ ಹಿಡದಂಗ. ಬಿಡಿಲ್ಲಿ."

"ನೀ ಬಿಡು. ಹ್ವಾದ ವರ್ಷ ನಿನ್ನ ಕೈಯಾಗ ಕೊಟ್ಟಾಗ ನನ್ನ ಕಾಲ ಮ್ಯಾಲ ಹಾಕಿದ್ದಿ."

"ಕಾಲು ಅಡ್ಡ ತಂದಾಂವ ನೀನು."

ಬಿಡಲಿಲ್ಲ, ಇಬ್ಬರೂ ಹಿಡಿದರು. ಗುದ್ದಲಿ ಬಿತ್ತು. ಹಲಗೆಯ ಸದ್ದಿಗೆ ಮರದ ಮೇಲಿನ ಗಿಳಿಗಳೆಲ್ಲ ಎದ್ದು ಹಾರಿದವು. ಬೈಕಿನವರು ಮೊಬೈಲ್ ಜೇಬಿಗೆ ಹಾಕಿಕೊಂಡು, "ಏನೂ ಇಲ್ಲಲೇ, ನಡಿ" ಎಂದು ಹೊರಟರು.

ಸಕ್ಕರೆ ಹಂಚುವಾಗ ಮುತ್ಯಾ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಆತಲ್ಲ, ನಿಮ್ಮ ಪ್ರಶ್ನಿಗೆ ಏನಂತ ಬರಕೊಂಡ್ರಿ?"

"ಮೊದಲಿಂದೇ ಇಟ್ಟೇನಿ ಮುತ್ಯಾ. ಇಲ್ಲ ಅಂತ. ನಿಮ್ಮೂರ ಎಲ್ಲಾರಗಿಂತ ಕೆಳಗ ಬರ್ತದ."

"ಬಾಜೂ ಊರು?"

"ಅವರು ಎಲ್ಲಾದಕ್ಕೂ ಹೌದು ಅಂದ್ರು. ಭಾಳ ಮ್ಯಾಲೆ ಅದಾರ." ಹೇಳಬಾರದಿತ್ತು. ನಿಯಮ. ಆದರೆ ತಾಲೂಕೇ ಹೋದ ಮೇಲೆ ನಿಯಮ ಎಲ್ಲಿಯದು?

"ಅವರಾ!" ಮುತ್ಯಾ ತಲೆ ಹಿಂದೆ ಮಾಡಿ ನಕ್ಕ. "ಏ ಮುಲ್ಲಾ, ಕೇಳ್ದ್ಯಾ? ಬಾಜೂ ಊರಾವರು ಮಂದಿ ಹಬ್ಬಕ್ಕ ಹೋಗ್ತಾರಂತ! ತಮ್ಮ ಊರ ಅಲಾಯಿ ಮುಗಸಾಕ ಆಗಂಗಿಲ್ಲ ಸುಳ್ಳ ಮಕ್ಕಳಿಗೆ."

ಮುಂದಿನ ವಾರ ಮುದ್ದೇಬಿಹಾಳ ಬೇರೆಯವರ ಪಾಲಾಯಿತು. ಉಳಿದ ಮೂರು ತಾಲೂಕು ನನ್ನಲ್ಲೇ ಇದ್ದವು. ಇಂಡಿಯ ಶಿಕ್ಷಕಿಯ ಉತ್ತರವನ್ನು ಅವರು ಎಣಿಸಿದ ಹಾಗೇ ಷರಾದಲ್ಲಿ ಬರೆದು ಕಳಿಸಿದೆ. ಮೇಲ್ವಿಚಾರಕಿ ಅದನ್ನೂ ಕೆಂಪು ಮಾಡಿದಳು, ಆದರೆ ಅಳಿಸಲಿಲ್ಲ. "ನೋಡ್ತೀನಿ ಮೇಡಂ" ಎಂದಳು. ಮುತ್ಯಾನ ಹಳ್ಳಿಯ ಅಂಕ ಕೊನೆಯ ವರದಿಯಲ್ಲಿ ಇದೆಯೋ, ತೆಗೆದರೋ ನನಗೆ ತಿಳಿದಿಲ್ಲ.

ಅಲಾಯಿ ಹಬ್ಬ ಹತ್ತಿರ ಬಂದಂತೆ ನಾನು ಫೋನಿನ ಕಡೆ ನೋಡುತ್ತಲೇ ಇದ್ದೆ. ಗುದ್ದಲಿಯ ದಿನ ಅಷ್ಟು ಪ್ರೀತಿಯಿಂದ ಇರ್ರಿ ಎಂದವರು, ಚೊಂಗೆ ಮಣೆಯ ಅಕ್ಕ ನನ್ನ ನಂಬರು ತಗೊಂಡಿದ್ದಳು, ಒಬ್ಬರಾದರೂ ಬರ್ರಿ ಎನ್ನಬೇಡವೇ? ಮುತ್ಯಾ ಕರೆಯಲಿಲ್ಲ. ಮುಲ್ಲಾ ಕಾಕಾ ಕರೆಯಲಿಲ್ಲ. ಹಬ್ಬದ ಹಿಂದಿನ ದಿನ ಬೆಳಗಾಯಿತು, ಯಾರೂ ಕರೆಯಲಿಲ್ಲ.

ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಿಗೆ ಬಂದೆ. ಅತ್ತೆ ಕೇಳಿದರು. "ಕರಿದಾರೇನು?"

"ಇಲ್ಲತ್ತಿ."

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಹಂಗಾರ ಲಗೂ ಹೋಗು. ತಡಾ ಮಾಡಿದ್ರ ಬೈತಾರ."

ಬಸ್ ಇಳಿದು ನಡೆದು ಹೋದೆ. ಚೊಂಗೆ ಮಣೆಯ ಅಕ್ಕ ಮತ್ತು ಅವಳ ಗೆಳತಿ ಪಡಸಾಲೆಯಲ್ಲಿ ಎದುರುಬದುರು ಕೂತು ಹಿಟ್ಟು ನಾದುತ್ತಿದ್ದರು. ನಾನು ಬಂದದ್ದು ನೋಡಿ ಯಾರೂ ಏಳಲಿಲ್ಲ, ಬರ್ರಿ ಎನ್ನಲಿಲ್ಲ, ನೀರೂ ತಂದುಕೊಡಲಿಲ್ಲ. ಅಕ್ಕ ಮೊಣಕೈಯಿಂದ ಮಣೆಯನ್ನು ನನ್ನ ಕಡೆ ನೂಕಿದಳು.

"ಇಷ್ಟ ಹೊತ್ತಿನ ತನಾ ಎಲ್ಲಿದ್ರಿ? ಕೈ ತೊಳಕೊಂಡು ಕುಂದರ್ರಿ, ಹಿಟ್ಟು ಒಣಗಾಕತ್ತೈತಿ."